ಬೂಷ್ಟಿನ ಪುಡಿ: ತಾಮ್ರಕ್ಕೆ ಸೈ, ನಿಕಲ್‌ಗೆ ಕೈಕೊಟ್ಟಿತು

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಪ್ಲೇಟಿಂಗ್, ಅಂದರೆ ಲೋಹದ ಲೇಪ ಹಾಕುವ ಕೆಲಸದಲ್ಲಿ ಮಾಲು ತೊಳೆದ ನೀರಲ್ಲಿ ಉಳಿಯುವ ಲೋಹ ಹಿಡಿಯಲು ಮಾರುವ ಪುಡಿಯ ವಿಷಯ ಇದು. ಆಸಿಡ್ ಕಾಪರ್ ಬಾತ್ (ತಾಮ್ರದ ಲೇಪ ಹಾಕುವ ಆಸಿಡ್ ತೊಟ್ಟಿ) ಇಟ್ಟುಕೊಂಡಿರುವವರು ಈ ಪುಡಿಯನ್ನು ಒಂದು ಮೂಟೆ ತರಿಸಿ ನೋಡಬಹುದು. ನಿಕಲ್ ಲೈನ್‌ಗೆ ಅಂತ ತಗೊಂಡರೆ ದುಡ್ಡು ದಂಡ. ಕ್ರೋಮ್‌ಗೂ ಆಗುತ್ತದೆ ಅಂತ ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಮಾರಿದವರ ಹೆಸರು ಹಾಕುತ್ತಿಲ್ಲ. ಮಾಲಿನ ಮೇಲೆ ನನಗೆ ಅಷ್ಟೊಂದು ಸಿಟ್ಟಿಲ್ಲ, ಅದನ್ನು ಎಲ್ಲಾ ಲೋಹಕ್ಕೂ ಒಂದೇ ಮದ್ದು ಅಂತ ಮಾರುವ ರೀತಿ ಸರಿ ಇಲ್ಲ ಅಷ್ಟೆ.

ನಮ್ಮದು ಪೀಣ್ಯದಲ್ಲಿ ಸಣ್ಣ ಪ್ಲೇಟಿಂಗ್ ಶೆಡ್ಡು. ಕಾಪರ್, ನಿಕಲ್, ಕ್ರೋಮ್ ಮೂರೂ ಇದೆ. ನಲ್ಲಿ, ಬಾಗಿಲ ಹಿಡಿ, ಗಾಡಿಯ ಚಿಕ್ಕಪುಟ್ಟ ಪಾರ್ಟು ಇಂಥವು ಬರುತ್ತವೆ. ಬಾತ್‌ನಿಂದ ಎತ್ತಿದ ಮಾಲನ್ನು ತೊಳೆದ ನೀರೇ ನಮ್ಮ ದೊಡ್ಡ ತಲೆನೋವು. ಮಾಮೂಲಿ ಪದ್ಧತಿ ಎಲ್ಲರಿಗೂ ಗೊತ್ತು: ಕ್ರೋಮ್ ನೀರಿಗೆ ಆಸಿಡ್ ಹಾಕಿ ಪಿಎಚ್ ಎರಡು ಮೂರಕ್ಕೆ ಇಳಿಸಿ, ಮೆಟಾಬೈಸಲ್ಫೈಟ್ ಹಾಕಿ ಹಳದಿ ಹೋಗಿಸಿ, ಆಮೇಲೆ ಎಲ್ಲಾ ನೀರನ್ನೂ ಒಟ್ಟು ಮಾಡಿ ಸುಣ್ಣ ಇಲ್ಲವೇ ಕಾಸ್ಟಿಕ್ ಸೋಡಾ ಹಾಕಿ ಲೋಹವನ್ನು ಕೆಸರಾಗಿ ಕೂರಿಸೋದು. ತೊಂದರೆ ಎಲ್ಲಿ ಅಂದರೆ, ಒಂದೊಂದು ಲೋಹ ಒಂದೊಂದು ಪಿಎಚ್‌ನಲ್ಲಿ ಕೂರುತ್ತದೆ. ಕ್ರೋಮ್ ಎಂಟರ ಆಸುಪಾಸಿನಲ್ಲಿ ಚೆನ್ನಾಗಿ ಕೂರುತ್ತದೆ, ಜಾಸ್ತಿ ಏರಿಸಿದರೆ ಮತ್ತೆ ಕರಗಲು ಶುರು. ನಿಕಲ್‌ಗೆ ಹತ್ತರ ಹತ್ತಿರ ಬೇಕು. ಹೊರಗೆ ಬಿಡುವ ನೀರು ಒಂಬತ್ತು ದಾಟುವ ಹಾಗಿಲ್ಲ. ಹಾಗಾಗಿ ಎಷ್ಟೇ ಜಾಗ್ರತೆ ಮಾಡಿದರೂ ಕೊನೆಯಲ್ಲಿ ಸ್ವಲ್ಪ ಲೋಹ ನೀರಲ್ಲೇ ಉಳಿಯುತ್ತದೆ. ನಿಯಮದ ಪ್ರಕಾರ ಲೀಟರ್‌ಗೆ ನಿಕಲ್ 3 ಮಿಲಿಗ್ರಾಂ, ತಾಮ್ರ 3 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ, ಹೆಕ್ಸಾ ಕ್ರೋಮ್ (ಕ್ರೋಮಿಯಂನ ಹೆಚ್ಚು ವಿಷದ ರೂಪ) ಅಂತೂ ಬರೀ 0.1 ಮಿಲಿಗ್ರಾಂ. ಪೀಣ್ಯದ ಬೋರ್‌ವೆಲ್ ನೀರಲ್ಲಿ ಕ್ರೋಮಿಯಂ ಸಿಕ್ಕ ಸುದ್ದಿ ಹಳೆಯದು, ಮಾಲಿನ್ಯ ನಿಯಂತ್ರಣ ಬೋರ್ಡಿನವರು ನಮ್ಮ ಕಡೆ ಜಾಸ್ತಿ ಕಣ್ಣಿಟ್ಟಿರುವುದರಲ್ಲಿ ತಪ್ಪೇನಿಲ್ಲ.

ಆ ಕೊನೆಯ ಸ್ವಲ್ಪವನ್ನು ಹಿಡಿಯೋಕೆ ಅಂತ ಈ ಪುಡಿ ಬಂತು. ಕಿಣ್ವ ತಯಾರಿಸುವ ಕಾರ್ಖಾನೆಯಲ್ಲಿ ಬಳಸಿ ಬಿಸಾಡುವ ಶಿಲೀಂಧ್ರ, ಅಂದರೆ ಬೂಷ್ಟು. ಹೆಸರು ಆಸ್ಪರ್ಜಿಲಸ್ ನೈಗರ್. ಹಳೇ ಈರುಳ್ಳಿ ಸಿಪ್ಪೆಯ ಮೇಲೆ ಕಪ್ಪಗೆ ಕೂರುತ್ತದಲ್ಲ, ಆ ಜಾತಿಯದು. ಸಿಟ್ರಿಕ್ ಆಸಿಡ್ ಮಾಡಲು ಪ್ರಪಂಚದ ತುಂಬಾ ಇದನ್ನೇ ಬೆಳೆಸುತ್ತಾರೆ, ವರ್ಷಕ್ಕೆ ಇಪ್ಪತ್ತು ಲಕ್ಷ ಟನ್‌ಗೂ ಜಾಸ್ತಿ ಸಿಟ್ರಿಕ್ ಆಸಿಡ್ ತಯಾರಾಗುತ್ತದೆ ಅಂದಮೇಲೆ ಉಳಿಯುವ ಬೂಷ್ಟು ಎಷ್ಟು ಅಂತ ಲೆಕ್ಕ ಹಾಕಿ. ಪೆನ್ಸಿಲಿನ್ ಕಾರ್ಖಾನೆಯಲ್ಲೂ ಇದೇ ಕಥೆ, ಅಲ್ಲಿ ಪೆನ್ಸಿಲಿಯಂ. ಒಣಗಿಸಿ ಪುಡಿ ಮಾಡಿದ ಈ ಬೂಷ್ಟು ಸತ್ತಿರುತ್ತದೆ, ಹಾಗಾಗಿ ಅದಕ್ಕೆ ಊಟ ಹಾಕಬೇಕಿಲ್ಲ, ವಿಷದ ನೀರಲ್ಲಿ ಸತ್ತೀತು ಅನ್ನೋ ಭಯ ಇಲ್ಲ. ಕೆಲಸ ಮಾಡೋದು ಅದರ ಗೋಡೆ. ಜೀವಕೋಶದ ಗೋಡೆಯಲ್ಲಿ ಕೈಟಿನ್, ಕೈಟೋಸಾನ್, ಗ್ಲೂಕಾನ್ ಅಂತ ಇರುತ್ತವೆ, ಅವುಗಳ ಮೇಲಿನ ಅಮೀನ್, ಕಾರ್ಬಾಕ್ಸಿಲ್, ಫಾಸ್ಫೇಟ್ ಗುಂಪುಗಳಿಗೆ ಲೋಹದ ಅಯಾನು ಅಂಟಿಕೊಳ್ಳುತ್ತದೆ. ರೆಸಿನ್ (ನೀರಿನಿಂದ ಲೋಹದ ಅಯಾನು ಹಿಡಿಯಲು ತಯಾರಿಸಿದ ಪ್ಲಾಸ್ಟಿಕ್ ಮಣಿ) ಮಾಡುವ ಕೆಲಸವೇ, ಆದರೆ ಕಾರ್ಖಾನೆಯ ಕಸದಿಂದ.

ನೋಡಲು ರಾಗಿ ಹಿಟ್ಟಿನ ಹಾಗೆ. ಮೂಟೆ ಬಿಚ್ಚಿದಾಗ ನಮ್ಮ ಹುಡುಗ "ಅಣ್ಣಾ, ಏನಿದು, ಗೋಡೌನಲ್ಲಿ ಏನೋ ಸತ್ತಿದೆಯಾ?" ಅಂದ. ವಾಸನೆ ಹಾಗೇ ಇದೆ. ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುವವನಿಗೆ ವಾಸನೆ ಅನ್ನಿಸಿತು ಅಂದರೆ ಅರ್ಥ ಮಾಡಿಕೊಳ್ಳಿ. ಮಳೆಗಾಲದಲ್ಲಿ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ, ಮೂಟೆಯ ಬಾಯಿ ಬಿಗಿಯಾಗಿ ಕಟ್ಟಿ ಹಲಗೆಯ ಮೇಲೆ ಇಡಿ.

ಈಗ ಡೆಮೋ ಕಥೆ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ನಿಮ್ಮ ಕಡೆ ಬಂದರೂ ಇದೇ ಡೆಮೋ ಮಾಡುತ್ತಾರೆ. ಮಾರಲು ಬಂದ ಹುಡುಗ ತುಂಬಾ ಮರ್ಯಾದಸ್ಥ, ಮಾತು ಮಾತಿಗೂ "ಸರ್, ನೀವೇ ನೋಡಿ ಸರ್" ಅನ್ನುತ್ತಿದ್ದ. ನಮ್ಮ ಕಾಪರ್ ರಿನ್ಸ್ ನೀರನ್ನೇ, ಅಂದರೆ ಮಾಲು ತೊಳೆದ ನೀರನ್ನೇ, ಒಂದು ಖಾಲಿ ಬಿಸ್ಲೇರಿ ಬಾಟಲಿಗೆ ತುಂಬಿಕೊಂಡ. ತಿಳಿನೀಲಿ ನೀರು. ಎರಡು ಚಮಚ ಪುಡಿ ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಟ್ಟ. ಟೀ ಕುಡಿದು ಬರುವಷ್ಟರಲ್ಲಿ ಮೇಲಿನ ನೀರು ಬಣ್ಣ ಕಳೆದುಕೊಂಡು ಕೆಳಗೆ ಕಂದು ಗಸಿ ಕೂತಿತ್ತು. ಎಲ್ಲರೂ ಖುಷಿ. ನಾನು ಸುಮ್ನೆ ಒಂದು ಪಿಎಚ್ ಪೇಪರ್ ಅದ್ದಿದೆ. ಪೇಪರ್ ಹಸಿರು ದಾಟಿ ನೀಲಿ ಕಡೆಗೆ ಹೋಯಿತು, ಒಂಬತ್ತರ ಹತ್ತಿರ. ನಮ್ಮ ಆಸಿಡ್ ಕಾಪರ್ ರಿನ್ಸ್ ನೀರು ಮೂರರ ಆಸುಪಾಸಿನಲ್ಲಿರುತ್ತದೆ. ಅದು ಒಂಬತ್ತಕ್ಕೆ ಏರಿದ್ದು ಹೇಗೆ?

ವಿಷಯ ಇಷ್ಟೆ. ಬೂಷ್ಟಿನ ಪುಡಿಯನ್ನು ಕಾಸ್ಟಿಕ್‌ನಲ್ಲಿ ಕುದಿಸಿ ಹದ ಮಾಡುತ್ತಾರೆ. ಅದರಿಂದ ಪ್ರೋಟೀನು, ಕೊಬ್ಬು ಎಲ್ಲಾ ಹೋಗಿ ಲೋಹ ಹಿಡಿಯುವ ಜಾಗಗಳು ತೆರೆದುಕೊಳ್ಳುತ್ತವೆ. ಒಳ್ಳೆಯದೇ. ಆದರೆ ಆಮೇಲೆ ಚೆನ್ನಾಗಿ ತೊಳೆಯಬೇಕು. ತೊಳೆಯದೇ ಒಣಗಿಸಿದರೆ ಕಾಸ್ಟಿಕ್ ಪುಡಿಯಲ್ಲೇ ಉಳಿಯುತ್ತದೆ, ನೀರಿಗೆ ಹಾಕಿದ ತಕ್ಷಣ ಪಿಎಚ್ ಏರುತ್ತದೆ, ತಾಮ್ರ ಹೈಡ್ರಾಕ್ಸೈಡ್ ಆಗಿ ಕೆಳಗೆ ಕೂರುತ್ತದೆ. ಅಂದರೆ ಆ ಬಾಟಲಿಯಲ್ಲಿ ಜಾಸ್ತಿ ಕೆಲಸ ಮಾಡಿದ್ದು ಬೂಷ್ಟಲ್ಲ, ಕಾಸ್ಟಿಕ್. ಅದನ್ನು ನಾನು ಡ್ರಮ್ಮಿಂದಲೇ ತೆಗೆದು ಹಾಕಬಹುದಿತ್ತು, ಅಲ್ವಾ?

ಆ ಹುಡುಗನಿಗೆ ಇದು ಗೊತ್ತಿತ್ತೋ ಇಲ್ಲವೋ. ಮೋಸ ಮಾಡುವ ಮುಖ ಅಲ್ಲ. ನಾನು ಒಂದು ಹಿಡಿ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ನಲ್ಲಿ ಕೆಳಗೆ ಹಿಂಡಿ ಹಿಂಡಿ, ತೊಳೆದ ನೀರು ಪಿಎಚ್ ಏಳಕ್ಕೆ ಬರುವ ತನಕ ತೊಳೆಸಿದೆ. ಆಮೇಲೆ ರಿನ್ಸ್ ನೀರನ್ನು ಐದಕ್ಕೆ ತಂದು, ತೊಳೆದ ಪುಡಿ ಹಾಕಿ ಮತ್ತೆ ಡೆಮೋ. ಈ ಸಲ ಟೀ ಒಂದರಲ್ಲಿ ಮುಗಿಯಲಿಲ್ಲ, ಊಟದ ಹೊತ್ತಾಯಿತು. ಆದರೂ ನೀಲಿ ಇಳಿಯಿತು. ಅಮೋನಿಯಾ ಹಾಕಿದರೆ ಮೊದಲಿನ ನೀರು ಕಡುನೀಲಿ ಆಗುತ್ತಿತ್ತು, ಇದು ಆಗಲಿಲ್ಲ. ಲ್ಯಾಬ್‌ಗೆ ಕಳಿಸಿದಾಗ ತಾಮ್ರ ಮಿತಿಯ ಒಳಗೇ ಬಂತು. ಅಲ್ಲಿಗೆ ಪುಡಿಯಲ್ಲಿ ಸತ್ವ ಇದೆ ಅಂತ ನಂಬಿಕೆ ಬಂದು ಒಂದು ಮೂಟೆ ತಗೊಂಡೆ.

ತಾಮ್ರಕ್ಕೆ ಇದು ನಿಜವಾಗಿ ಚೆನ್ನಾಗಿದೆ. ಪಿಎಚ್ ನಾಲ್ಕರಿಂದ ಆರರ ನಡುವೆ ಇಟ್ಟರೆ ಸಾಕು. ತೀರಾ ಆಸಿಡ್ ಆದರೆ ಹೈಡ್ರೋಜನ್ ಅಯಾನುಗಳೇ ಬಂದು ಜಾಗ ಹಿಡಿದುಬಿಡುತ್ತವೆ, ಲೋಹಕ್ಕೆ ಸೀಟು ಸಿಗೋದಿಲ್ಲ. ಸುಣ್ಣದಲ್ಲಿ ಕೂರಿಸಿ, ಫಿಲ್ಟರ್ ಮಾಡಿ, ಪಿಎಚ್ ಇಳಿಸಿ, ಆಮೇಲೆ ಈ ಪುಡಿಯ ಟ್ಯಾಂಕಿಗೆ ಬಿಡುವುದು ನಮ್ಮ ಕ್ರಮ. ನೇರವಾಗಿ ದಟ್ಟ ನೀರಿಗೆ ಹಾಕಬೇಡಿ. ಲೆಕ್ಕ ನೋಡಿ: ಪುಡಿ ಗ್ರಾಂಗೆ 5 ಮಿಲಿಗ್ರಾಂ ತಾಮ್ರ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಲೀಟರ್‌ಗೆ 20 ಮಿಲಿಗ್ರಾಂ ಇರುವ 1000 ಲೀಟರ್ ನೀರಲ್ಲಿ 20 ಗ್ರಾಂ ತಾಮ್ರ ಇರುತ್ತದೆ, ಅದಕ್ಕೆ 4 ಕಿಲೋ ಪುಡಿ ಬೇಕು. ಅದೇ ನೀರಲ್ಲಿ 200 ಮಿಲಿಗ್ರಾಂ ಇದ್ದರೆ 40 ಕಿಲೋ. ಸುಣ್ಣ ಇಷ್ಟು ಅಗ್ಗಕ್ಕೆ ಸಿಗುವಾಗ ಅದಕ್ಕೆ ಯಾರು ಮೂಟೆಗಟ್ಟಲೆ ಬೂಷ್ಟು ಸುರಿಯುತ್ತಾರೆ? ಕೊನೆಯ ಹಂತಕ್ಕೆ ಮಾತ್ರ ಇದು.

ಒಂದು ಎಚ್ಚರಿಕೆ. ಸಯನೈಡ್ ಕಾಪರ್ ಇರುವವರಿಗೆ ಇದು ಆಗೋದಿಲ್ಲ. ಸಯನೈಡ್ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಬೂಷ್ಟಿಗೆ ಬಿಟ್ಟುಕೊಡೋದಿಲ್ಲ. ಮೊದಲು ಸಯನೈಡನ್ನು ಹೈಪೋಕ್ಲೋರೈಟ್‌ನಲ್ಲಿ ಒಡೆದ ಮೇಲಷ್ಟೇ ಮಿಕ್ಕ ಮಾತು. ಸಯನೈಡ್ ಇರುವ ನೀರಿನ ಪಿಎಚ್ ಇಳಿಸಲು ಹೋದರೆ ವಿಷದ ಗ್ಯಾಸ್ ಬರುತ್ತದೆ, ಪ್ರಾಣಕ್ಕೇ ಬರುತ್ತದೆ, ಇದನ್ನು ಪುಡಿಯ ಜೊತೆ ಬಂದ ಚೀಟಿಯಲ್ಲಿ ಒಂದು ಸಾಲೂ ಬರೆದಿಲ್ಲ. ಇದಕ್ಕೆ ಮಾತ್ರ ನನಗೆ ನಿಜವಾಗಿ ಕೋಪ ಬಂತು. ಇಡಿಟಿಎ (ಲೋಹವನ್ನು ಹಾಗೇ ಬಿಗಿಯಾಗಿ ಹಿಡಿದುಕೊಳ್ಳುವ ರಾಸಾಯನಿಕ) ಇರುವ ನೀರಿಗೂ ಇದು ಆಗಿಬರೋದಿಲ್ಲ.

ಈಗ ನಿಕಲ್. ನಾನು ಇದನ್ನು ತರಿಸಿದ್ದೇ ನಿಕಲ್‌ಗೆ ಅಂತ. ಅದೇ ಪುಡಿ, ಅದೇ ಟ್ಯಾಂಕು, ಪಿಎಚ್ ಸರಿ ಮಾಡಿ ಬಿಟ್ಟೆವು. ಶೆಡ್ಡಿನಲ್ಲೇ ನೋಡುವ ಪರೀಕ್ಷೆ ಸುಲಭ: ನೀರಿಗೆ ಸ್ವಲ್ಪ ಅಮೋನಿಯಾ, ಎರಡು ಹನಿ ಡಿಎಂಜಿ, ಅಂದರೆ ಡೈಮಿಥೈಲ್ ಗ್ಲೈಆಕ್ಸಿಮ್. ನಿಕಲ್ ಇದ್ದರೆ ಗುಲಾಬಿ ಕೆಂಪು. ಪುಡಿಯ ಟ್ಯಾಂಕಿಗೆ ಹೋಗುವ ನೀರೂ ಗುಲಾಬಿ, ಹೊರಗೆ ಬಂದ ನೀರೂ ಗುಲಾಬಿ. ಸ್ವಲ್ಪ ತಿಳಿ ಆಗಿತ್ತು ಅಂತ ನಮ್ಮ ಹುಡುಗ ಸಮಾಧಾನ ಹೇಳಿದ. ಲ್ಯಾಬ್ ರಿಪೋರ್ಟ್ ಆ ಸಮಾಧಾನವನ್ನೂ ಉಳಿಸಲಿಲ್ಲ, ನಿಕಲ್ ಮೂರು ಮಿಲಿಗ್ರಾಂ ಮಿತಿಯ ಕೆಳಗೆ ಇಳಿಯಲೇ ಇಲ್ಲ. ಪುಡಿ ದುಪ್ಪಟ್ಟು ಹಾಕಿದೆವು, ಹೊತ್ತು ಜಾಸ್ತಿ ಬಿಟ್ಟೆವು, ಪ್ರಯೋಜನ ಇಲ್ಲ.

ಮಾರಿದವರಿಗೆ ಫೋನ್ ಮಾಡಿದರೆ "ನಿಮ್ಮ ನೀರಿನ ಸಮಸ್ಯೆ ಸರ್" ಅಂದರು. ನೀರಿನದ್ದಲ್ಲ. ಇದು ಹೊಸ ವಿಷಯವೂ ಅಲ್ಲ. ಕೆನಡಾದ ರಿಜೈನಾ ವಿಶ್ವವಿದ್ಯಾಲಯದಲ್ಲಿ ಕಪೂರ್, ವೀರರಾಘವನ್ ಮತ್ತು ಜೊತೆಯವರು ಇದೇ ಆಸ್ಪರ್ಜಿಲಸ್ ನೈಗರ್ ಮೇಲೆ ಕೆಲಸ ಮಾಡಿ 1999ರಲ್ಲೇ ಪ್ರಕಟಿಸಿದ್ದಾರೆ. ಕಾಸ್ಟಿಕ್‌ನಲ್ಲಿ ಹದ ಮಾಡಿದರೆ ಸೀಸ, ಕ್ಯಾಡ್ಮಿಯಂ, ತಾಮ್ರ ಹಿಡಿಯುವ ಶಕ್ತಿ ಹೆಚ್ಚುತ್ತದೆ, ಆದರೆ ನಿಕಲ್ ಹಿಡಿಯುವುದು ಕಡಿಮೆಯಾಗುತ್ತದೆ ಅಂತ ಅವರ ಫಲಿತಾಂಶ. ಅಂದರೆ ತಾಮ್ರಕ್ಕೆ ಒಳ್ಳೆಯದಾಗಲಿ ಅಂತ ಮಾಡಿದ ಹದವೇ ನಿಕಲ್‌ಗೆ ಅಡ್ಡಿ. ಪೇಪರ್ ಬಂದು ಇಷ್ಟು ವರ್ಷ ಆದಮೇಲೂ ಮೂಟೆಯ ಮೇಲೆ "ನಿಕಲ್, ಕಾಪರ್, ಕ್ರೋಮ್, ಲೆಡ್" ಅಂತ ಒಂದೇ ಸಾಲಿನಲ್ಲಿ ಅಚ್ಚು ಹಾಕಿ ಮಾರುತ್ತಾರೆ. ಮಾರುವ ರೀತಿ ಸರಿ ಇಲ್ಲ ಅಂತ ನಾನು ಅಂದಿದ್ದು ಇದಕ್ಕೇ. ಲೋಹ ಅಂದರೆ ಎಲ್ಲಾ ಒಂದೇ ಅನ್ನೋ ಹಾಗೆ.

ಕ್ರೋಮ್ ವಿಷಯ ಇನ್ನೂ ಮಜಾ. ಹೆಕ್ಸಾ ಕ್ರೋಮ್ ನೀರಲ್ಲಿ ಋಣ ಅಯಾನಾಗಿ ಇರುತ್ತದೆ, ಹಾಗಾಗಿ ಪಿಎಚ್ ಐದರಲ್ಲಿ ಪುಡಿ ಅದನ್ನು ಅಷ್ಟಾಗಿ ಮುಟ್ಟೋದಿಲ್ಲ. ಪಿಎಚ್ ಎರಡಕ್ಕೆ ಇಳಿಸಬೇಕು. ಇಳಿಸಿದ ಮೇಲೆ ಹಳದಿ ನಿಧಾನಕ್ಕೆ ಹೋಗುತ್ತದೆ, ಗಂಟೆಗಟ್ಟಲೆ ಬೇಕು. ಡೈಫಿನೈಲ್ ಕಾರ್ಬಜೈಡ್ ಹಾಕಿ ನೋಡಿದರೆ ನೇರಳೆ ಬಣ್ಣ ಬರಲಿಲ್ಲ, ಅಂದರೆ ಹೆಕ್ಸಾ ಇಲ್ಲ. ಮಾರುವವರು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಾರೆ. ನಾವು ಒಟ್ಟು ಕ್ರೋಮಿಯಂ ಪರೀಕ್ಷೆಯನ್ನೂ ಮಾಡಿಸಿದೆವು. ಅದರಲ್ಲಿ ಬಹಳಷ್ಟು ನೀರಲ್ಲೇ ಇತ್ತು! ಎಲ್ಲಿಗೂ ಹೋಗಿರಲಿಲ್ಲ, ವೇಷ ಬದಲಿಸಿತ್ತು ಅಷ್ಟೆ. ಸತ್ತ ಬೂಷ್ಟು ಹೆಕ್ಸಾ ಕ್ರೋಮನ್ನು ಟ್ರೈವೇಲೆಂಟ್ ಕ್ರೋಮ್ ಆಗಿ ಇಳಿಸುತ್ತದೆ, ಬರೀ ಹೀರಿಕೊಳ್ಳೋದಲ್ಲ. ಕೊರಿಯಾದ ಪಾರ್ಕ್ ಮತ್ತು ಜೊತೆಯವರು 2005ರ ಹೊತ್ತಿಗೇ ಇದನ್ನು ತೋರಿಸಿದ್ದಾರೆ. ಅದೇನು ಕೆಟ್ಟದ್ದಲ್ಲ, ಹೆಕ್ಸಾ ಹೋಗಿ ಟ್ರೈ ಆಗುವುದು ದೊಡ್ಡ ಲಾಭವೇ, ವಿಷ ಎಷ್ಟೋ ಕಡಿಮೆ. ಆದರೆ ಮೆಟಾಬೈಸಲ್ಫೈಟ್ ಅದನ್ನೇ ನಿಮಿಷಗಳಲ್ಲಿ ಮಾಡುತ್ತದೆ, ಆಮೇಲೆ ಹೇಗೂ ಪಿಎಚ್ ಏರಿಸಿ ಕೂರಿಸಲೇಬೇಕು. ಬೂಷ್ಟು ಹಾಕಿದ್ದಕ್ಕೆ ಉಳಿದದ್ದು ಏನು? ವಾಸನೆ.

ಇವರದ್ದೇ ಇನ್ನೊಂದು ಮಾಲು ಇದೆ, ಪುಡಿಯನ್ನು ಆಲ್ಜಿನೇಟ್ (ಕಡಲ ಪಾಚಿಯಿಂದ ತೆಗೆದ ಅಂಟು) ಮಣಿಗಳಲ್ಲಿ ಕಟ್ಟಿ ಕಾಲಂನಲ್ಲಿ, ಅಂದರೆ ನೀರು ಹಾಯುವ ಕೊಳವೆಯಲ್ಲಿ, ತುಂಬಿ ಕೊಡುವುದು. ಪುಡಿಯ ದೊಡ್ಡ ಕಷ್ಟ ಏನೆಂದರೆ ಅದು ಫಿಲ್ಟರ್ ಬಟ್ಟೆಗೆ ಲೇಪದ ಹಾಗೆ ಅಂಟಿಕೊಂಡು ನೀರು ಇಳಿಯಲು ಬಿಡೋದಿಲ್ಲ, ಕಾಲಂಗೆ ತುಂಬಿದರೆ ಪಂಪಿಗೇ ದಮ್ಮು ಹತ್ತುತ್ತದೆ. ಮಣಿಯಲ್ಲಿ ಆ ಗೋಳಿಲ್ಲ. ಸಾಬೂದಾನಿ ಗಾತ್ರ, ಕಂದು ಬಣ್ಣ, ನೀರು ಸರಾಗ. ಸ್ಯಾಂಪಲ್ ಕಾಲಂ ಹಾಕಿಕೊಟ್ಟರು, ಮೊದಲು ಭೇಷಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಬಂದು ನೋಡಿದರೆ ಕಾಲಂನ ಮೇಲ್ಭಾಗದ ಮಣಿಗಳು ಊದಿಕೊಂಡು ಲೋಳೆಯಾಗಿ ಒಂದಕ್ಕೊಂದು ಅಂಟಿವೆ, ಕೆಳಗಿನಿಂದ ಕಂದು ನೀರು ಬರುತ್ತಿದೆ. ಕಾರಣ ಹುಡುಕಿದರೆ ನಮ್ಮ ಡಿಗ್ರೀಸಿಂಗ್ (ಮಾಲಿನ ಜಿಡ್ಡು ತೆಗೆಯುವ) ಟ್ಯಾಂಕಿನ ತೊಳೆದ ನೀರು ಅದೇ ಪೈಪಿಗೆ ಸೇರುತ್ತಿತ್ತು. ಅದರಲ್ಲಿ ಟ್ರೈಸೋಡಿಯಂ ಫಾಸ್ಫೇಟ್. ಆಲ್ಜಿನೇಟ್ ಮಣಿ ಗಟ್ಟಿಯಾಗಿ ನಿಂತಿರುವುದೇ ಕ್ಯಾಲ್ಸಿಯಂನಿಂದ, ಫಾಸ್ಫೇಟ್ ಆ ಕ್ಯಾಲ್ಸಿಯಂ ಎಳೆದುಕೊಂಡರೆ ಮಣಿ ಬಿಚ್ಚಿಕೊಳ್ಳುತ್ತದೆ. ಪ್ಲೇಟಿಂಗ್ ಶೆಡ್ಡಿಗೆ ಮಾರುವ ಮಾಲು, ಪ್ಲೇಟಿಂಗ್ ಶೆಡ್ಡಿನಲ್ಲಿ ಡಿಗ್ರೀಸಿಂಗ್ ಇದ್ದೇ ಇರುತ್ತದೆ, ಫಾಸ್ಫೇಟ್ ಇದೆಯಾ ಅಂತ ಒಂದು ಮಾತು ಕೇಳಬಾರದಾ? ಈಗ ಆ ಲೈನ್ ಬೇರೆ ಮಾಡಿಸಿದ್ದೇವೆ, ಖರ್ಚು ನಮ್ಮದೇ.

ಲೋಹ ತುಂಬಿದ ಪುಡಿಯ ಕಥೆ ಏನು ಅಂತ ಯಾರೂ ಮೊದಲು ಕೇಳೋದಿಲ್ಲ, ಕೇಳಬೇಕು. ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ತೊಳೆದರೆ ತಾಮ್ರ ಬಿಟ್ಟುಕೊಡುತ್ತದೆ, ಪುಡಿ ಮತ್ತೆ ಬಳಸಬಹುದು. ತೊಳೆದ ಆಸಿಡ್‌ನಲ್ಲಿ ತಾಮ್ರ ದಟ್ಟವಾಗಿ ಸಿಗುತ್ತದೆ. ಕೇಳಲು ಚೆಂದ. ನಮ್ಮಲ್ಲಿ ಪ್ರತಿ ಸಲ ಸ್ವಲ್ಪ ಪುಡಿ ನೀರುಪಾಲಾಗುತ್ತದೆ, ಹಿಡಿಯುವ ಶಕ್ತಿಯೂ ಕುಗ್ಗುತ್ತದೆ, ಹುಡುಗರಿಗೂ ಬೇಜಾರು. ಕೊನೆಗೆ ಅದು ಅಪಾಯಕಾರಿ ತ್ಯಾಜ್ಯವೇ, ಮಾಮೂಲಿ ಸ್ಲಡ್ಜ್ (ಕೆಸರು) ಜೊತೆ ದಾಬಸ್‌ಪೇಟೆ ಕಡೆಯ ಅಪಾಯಕಾರಿ ತ್ಯಾಜ್ಯ ಹೂಳುವ ಜಾಗಕ್ಕೇ ಹೋಗಬೇಕು. "ಸಾವಯವ ಸರ್, ಗಿಡಕ್ಕೆ ಹಾಕಬಹುದು" ಅಂತ ಯಾರಾದರೂ ಹೇಳಿದರೆ ಆ ಮಾತನ್ನು ನಂಬಬೇಡಿ. ತಾಮ್ರ ತುಂಬಿದ ಪುಡಿ ಗೊಬ್ಬರ ಆಗೋದಿಲ್ಲ.

ಇನ್ನೊಂದು ಅಡ್ಡ ಪರಿಣಾಮ ಇದೆ. ಹೊಸ ಪುಡಿಯಿಂದ ಮೊದಮೊದಲು ಬರುವ ನೀರು ಚಹಾ ಬಣ್ಣಕ್ಕಿರುತ್ತದೆ, ಸಿಒಡಿ (ನೀರಲ್ಲಿರುವ ಸಾವಯವ ಕೊಳೆಯ ಅಳತೆ) ಏರುತ್ತದೆ. ಲೋಹ ಇಳಿಸಲು ಹೋಗಿ ಸಿಒಡಿಗೆ ಸಿಕ್ಕಿಬೀಳಬೇಡಿ. ಮೊದಲೇ ಚೆನ್ನಾಗಿ ತೊಳೆದರೆ ತಾಪತ್ರಯ ಕಡಿಮೆ.

ಬೆಲೆ ನಮಗೆ ರೆಸಿನ್‌ಗಿಂತ ಅಗ್ಗವಾಗಿಯೇ ಬಿತ್ತು. ಆದರೆ ರೆಸಿನ್ ವರ್ಷಗಟ್ಟಲೆ ಬರುತ್ತದೆ, ಯಾವ ಡ್ರಮ್ ತೆಗೆದರೂ ಒಂದೇ ಗುಣ. ಇಲ್ಲಿ ಆಮೇಲೆ ಬಂದ ಮೂಟೆ ಮೊದಲಿನದಕ್ಕಿಂತ ಕಪ್ಪಗಿತ್ತು, ಕಣವೂ ದಪ್ಪ, ತಾಮ್ರ ಹಿಡಿದದ್ದೂ ಕಡಿಮೆ. ಕಾರ್ಖಾನೆಯ ಕಸ ಅಲ್ವಾ, ಅವರು ಅಲ್ಲಿ ಏನು ಬೆಳೆಸಿದರೋ ನಮಗೆ ಅದೇ ಗತಿ. ಈ ಇಡೀ ವಿದ್ಯೆ ನಲವತ್ತು ವರ್ಷಕ್ಕೂ ಹಳೆಯದು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಟ್ಸೆಜೋಸ್ ಮತ್ತು ವೊಲೆಸ್ಕಿ 1980ರ ದಶಕದ ಶುರುವಿನಲ್ಲೇ ರೈಜೋಪಸ್ ಅನ್ನೋ ಬೂಷ್ಟು ಗ್ರಾಂಗೆ ಸುಮಾರು 180 ಮಿಲಿಗ್ರಾಂ ಯುರೇನಿಯಂ ಹಿಡಿಯುತ್ತದೆ ಅಂತ ತೋರಿಸಿದ್ದರು, ಎಷ್ಟು ದೊಡ್ಡ ಅಂಕಿ ನೋಡಿ. ಪಾಚಿಯಿಂದ, ಬ್ಯಾಕ್ಟೀರಿಯಾದಿಂದ ಮಾಡಿದ ಮಾಲುಗಳು ಅಮೆರಿಕದಲ್ಲಿ ಮಾರುಕಟ್ಟೆಗೂ ಬಂದವು. ಆದರೂ ರೆಸಿನ್‌ನ ಜಾಗ ಕಸಿಯಲಾಗಲಿಲ್ಲ. ಕೈಗೆ ಬಂದ ಎರಡು ಮೂಟೆ ಒಂದೇ ಥರ ಇಲ್ಲದಿದ್ದರೆ ಪ್ಲಾಂಟ್ ನಡೆಸುವವನು ಏನು ಮಾಡಬೇಕು ಹೇಳಿ.

ಮನೆಯ ನೀರಿಗೆ ಹಾಕಬಹುದಾ ಅಂತ ಪರಿಚಯದವರೊಬ್ಬರು ಕೇಳಿದರು. ಬೇಡವೇ ಬೇಡ. ಕುಡಿಯುವ ನೀರಿನಲ್ಲಿ ಸೀಸ ಲೀಟರ್‌ಗೆ 0.01 ಮಿಲಿಗ್ರಾಂ ದಾಟಬಾರದು ಅಂತ ಭಾರತೀಯ ಮಾನಕ ಇದೆ, ಆ ಮಟ್ಟದ ಕೆಲಸಕ್ಕೆ ಈ ಪುಡಿ ಮಾಡಿದ್ದಲ್ಲ. ಯಾದಗಿರಿಯ ಕಿರದಳ್ಳಿ ತಾಂಡಾದಂಥ ಕಡೆ ಇರುವ ಆರ್ಸೆನಿಕ್‌ಗೂ ಬರೀ ಬೂಷ್ಟು ಸಾಲದು. ಕಬ್ಬಿಣದ ಆಕ್ಸೈಡ್ ಲೇಪಿಸಿದ ಆಸ್ಪರ್ಜಿಲಸ್ ಆರ್ಸೆನಿಕ್ ಹಿಡಿಯುತ್ತದೆ ಅಂತ ಸಂಶೋಧನೆ ಇದೆ, ಅದು ಬೇರೆಯೇ ಮಾಲು.

ನಾನು ಕೊಡೋದು ತಾಮ್ರಕ್ಕೆ ಐದಕ್ಕೆ ನಾಲ್ಕು, ನಿಕಲ್‌ಗೆ ಒಂದು, ಕ್ರೋಮ್‌ಗೆ ಒಂದೂವರೆ, ಮಣಿಗೆ ಎರಡು. ಸರ್ವಿಸ್‌ಗೆ ಎರಡು, ಅದೂ ಆ ಹುಡುಗ ಕರೆದಾಗ ಬರುತ್ತಾನೆ ಅಂತ. ನಮ್ಮ ಕಾಪರ್ ಲೈನ್‌ನಲ್ಲಿ ಪುಡಿ ಈಗಲೂ ಇದೆ, ನಿಕಲ್‌ಗೆ ರೆಸಿನ್ ಹಾಕಿಸಿದ್ದೇನೆ.

ನೀವು ತಗೊಳ್ಳುವುದಾದರೆ ಅವರ ಡೆಮೋ ನೋಡಬೇಡಿ, ನಿಮ್ಮದು ನೀವು ಮಾಡಿ. ಎರಡು ಬಾಟಲಿಗೆ ನಿಮ್ಮದೇ ರಿನ್ಸ್ ನೀರು ತುಂಬಿ. ಒಂದಕ್ಕೆ ಅವರು ಕೊಟ್ಟ ಪುಡಿಯನ್ನು ಹಾಗೇ ಹಾಕಿ ಅಲ್ಲಾಡಿಸಿ, ಕೊನೆಯಲ್ಲಿ ಪಿಎಚ್ ಎಷ್ಟಕ್ಕೆ ನಿಂತಿತು ಅಂತ ನೋಡಿ. ಇನ್ನೊಂದಕ್ಕೆ ಪುಡಿಯೇ ಬೇಡ, ಬರೀ ಕಾಸ್ಟಿಕ್ ಹಾಕಿ ಅದೇ ಪಿಎಚ್‌ಗೆ ತನ್ನಿ. ಎರಡನ್ನೂ ಸೋಸಿ ಲ್ಯಾಬ್‌ಗೆ ಕಳಿಸಿ. ಎರಡಕ್ಕೂ ಒಂದೇ ಅಂಕಿ ಬಂದರೆ ಕಾಸ್ಟಿಕ್ಕೇ ಸಾಕು, ಪುಡಿ ವಾಪಸ್ ಕಳಿಸಿ.